ತಮ್ಮ ಖಾಲಿ ಬಿಟ್ಟ ಎರಡು ಜಾಗ

ನನ್ನ ತಮ್ಮನಿಗೆ ಯಾವುದನ್ನೂ ಇವತ್ತಿಗಷ್ಟೇ ಎಂದು ಕೊಳ್ಳಲು ಮನಸ್ಸೇ ಬರುತ್ತಿರಲಿಲ್ಲ. ಹುಮನಾಬಾದಿನ ಔಷಧ ಕಾರ್ಖಾನೆಯಲ್ಲಿ ಕೆಲಸ. ರಜೆ ಸಿಕ್ಕರೆ ಬಸವಕಲ್ಯಾಣದ ಮನೆಗೆ ಬಂದು ನನ್ನ ಜೊತೆ ಜಗಳಕ್ಕೆ ಕೂರುತ್ತಿದ್ದ. ನಾನು ಮನೆಯಲ್ಲೇ ಲಗ್ನಪತ್ರಿಕೆ, ಬ್ಯಾನರ್ ತಯಾರು ಮಾಡುವವಳು. ಅದಕ್ಕೊಂದು ಕಂಪ್ಯೂಟರ್ ಬೇಕಿತ್ತು. ಸಿದ್ಧವಾದದ್ದು ಬೇಡ, ಬಿಡಿಭಾಗ ತಂದು ನಾವೇ ಜೋಡಿಸೋಣ ಎಂಬುದು ಅವನ ಹಟ.

"ಅಕ್ಕಾ, ಮದರ್‌ಬೋರ್ಡ್ ದೊಡ್ಡದು ತಗೊ. ರ‍್ಯಾಮ್ ಈಗ ಎರಡು ಸಾಕು, ಇನ್ನೆರಡು ಜಾಗಾ ಖಾಲಿ ಇರ್ಲಿ. ಮನಿ ಕಟ್ಟಾಗ ಮುಂದಿನ ಮಜಲಿಗಂತ ಛತ್ತಿನ ಮ್ಯಾಲ ಸಲಾಕಿ ಬಿಡಾಂಗಿಲ್ಲೇನು, ಹಂಗ."

"ಮುಂದಿಂದು ಆಮ್ಯಾಲ ನೋಡೋಣು, ನನ್ನ ಕೆಲಸ ಇವತ್ತ ನಿಂತದ!" ಎಂದು ರೇಗುತ್ತಿದ್ದೆ.

"ಫಿಕರ್ ಮಾಡಬ್ಯಾಡ, ನಾ ಇದ್ದೀನಲ್ಲ."

ಭಾಗಗಳು ಮನೆಗೆ ಬರುವ ಮೊದಲೇ ಅವನಿಗೆ ಜ್ವರ ಬಂತು. ಕಲಬುರಗಿಗೆ ಒಯ್ದೆವು. ಉಳಿಯಲಿಲ್ಲ.

ಅವನು ಹೇಳಿದ ಹಾಗೆಯೇ ಕಂಪ್ಯೂಟರನ್ನು ಒಬ್ಬಳೇ ಜೋಡಿಸಿದೆ. ಒಬ್ಬಳೇ ಎನ್ನುವುದು ಜನರಿಗೆ ಹೇಳುವ ಮಾತು. ಸ್ಕ್ರೂ ತಿರುಗಿಸಿದರೆ ಸಾಕು, "ಹಗೂರಕ! ಏನು ರೊಟ್ಟಿ ಬಡಿಯಾಕತ್ತೀಯೇನು?" ಎಂಬ ದನಿ ಬೆನ್ನ ಹಿಂದೆಯೇ. ಹಾಡುಹಗಲು, ಓಣಿಯಲ್ಲಿ ಆಟೊ ಹೋಗುವ ಸದ್ದಿನ ನಡುವೆಯೂ ಕೇಳುತ್ತಿತ್ತು. ತಿರುಗಿದರೆ ಗೋಡೆ. ಮೊದಮೊದಲು ಮೈ ಜುಮ್ಮೆನ್ನುತ್ತಿತ್ತು. ಆಮೇಲೆ ನಾನೇ ಕಾಯತೊಡಗಿದೆ.

ಅಮಾವಾಸ್ಯೆಯ ದಿನ ಅವ್ವ ಅವನ ಹೆಸರಿನ ಹೋಳಿಗೆಯ ಎಡೆಯನ್ನು ಕಂಪ್ಯೂಟರಿನ ಮುಂದಿಟ್ಟಳು.

"ಅವ್ವಾ, ಇದು ಮಷಿನ್ ಅದ."

"ಇರ್ಲಿ ತಗೊ. ಜಾಗಾ ಖಾಲಿ ಬಿಟ್ರ ಬರಾಂವ ಬಂದು ಕೂಡ್ತಾನ."

ನಾನು ನಕ್ಕೆ. ನಕ್ಕವಳೇ ಹೆದರಿದೆ. ಆ ಎರಡು ಜಾಗ ತುಂಬಿದರೆ ಅವನ ಯೋಜನೆ ಮುಗಿಯುತ್ತದೆ; ಅದು ಮುಗಿದರೆ ಅವನು ಬರುವುದಿಲ್ಲ. ಹುಚ್ಚು ಅನ್ನಿ. ಆದರೆ ತುಂಬಲಿಲ್ಲ.

ವರ್ಷಗಳು ಹೋದವು. ದೊಡ್ಡ ಬ್ಯಾನರ್ ತೆರೆದರೆ ಕಂಪ್ಯೂಟರ್ ನಿಂತೇಬಿಡುತ್ತಿತ್ತು. ಲಗ್ನದ ಸುಗ್ಗಿಯಲ್ಲಿ ಗಿರಾಕಿಗಳು ಬೈದು ಎದ್ದು ಹೋದರು. "ರ‍್ಯಾಮ್ ಹಾಕಬಾರದೇನು ಅಕ್ಕಾ, ಜಾಗಾ ಯಾಕ ಬಿಡಿಸೀನಿ?" ಎಂದು ಅದೇ ದನಿ. "ನೀ ಸುಮ್ಕಿರು" ಎಂದೆ.

ಕೊನೆಗೆ ಅವ್ವನೇ ತಡೆಯದಾದಳು. "ಹೊಟ್ಟಿಗಿ ತಣ್ಣೀರ ಬಟ್ಟಿ ಕಟ್ಕೊಂಡು ಯಾರ ದಾರಿ ನೋಡಾಕತ್ತಿ? ಹೋಗು, ತಗೊಂಡು ಬಾ." ಅವಳ ಕಣ್ಣು ತುಂಬಿದ್ದವು.

ಮಾದರಿಗೆಂದು ಒಂದು ರ‍್ಯಾಮ್ ಕಿತ್ತುಕೊಂಡು ಹುಮನಾಬಾದಿಗೆ ಹೋದೆ. ಅಂಗಡಿಯವನು ಅದನ್ನು ತಿರುವಿ ನೋಡಿದ.

"ಅಕ್ಕೋರ, ಈ ನಮೂನಿದು ಬರೋದು ಬಂದ್ ಆಗ್ಯಾದ್ರಿ. ಹೊಸಾದು ನಿಮ್ಮ ಬೋರ್ಡಿಗಿ ಕೂಡಂಗಿಲ್ಲ. ಬೋರ್ಡೇ ಬದಲಿ ಮಾಡಬೇಕ್ರಿ."

ಹೊಸ ಬೋರ್ಡುಗಳ ಹೆಸರನ್ನೂ ಹೇಳಿದ. ನಾನು ತಲೆಯಾಡಿಸಿ ಹೊರಬಂದೆ.

ಬಸವಕಲ್ಯಾಣದ ಬಸ್ಸಿನಲ್ಲಿ ಕೂತಾಗ ಸಿಟ್ಟು ನೆತ್ತಿಗೇರಿತು. ಎಷ್ಟು ವರ್ಷ ಇವನಿಗಾಗಿ ಜಾಗ ಕಾಯ್ದೆ! "ಈಗ ಯಾವ ಬೋರ್ಡ್ ತಗೊಳ್ಲಿ? ಹೇಳೋ!" ಎಂದು ಗಟ್ಟಿಯಾಗಿಯೇ ಕೇಳಿಬಿಟ್ಟೆ. ಪಕ್ಕದ ಹೆಂಗಸು ಕೈಚೀಲ ಎಳೆದುಕೊಂಡು ಸರಿದು ಕೂತಳು. ಊರು ಬರುವವರೆಗೂ ಕಾದೆ. ದನಿ ಬರಲಿಲ್ಲ.

ಅಂಗಡಿಯವನು ಹೇಳಿದ ಬೋರ್ಡುಗಳೆಲ್ಲ ತಮ್ಮ ಹೋದಮೇಲೆ ಬಂದವು. ಅವುಗಳ ಬಗ್ಗೆ ಅವನಿಗೆ ಏನೂ ಗೊತ್ತಿಲ್ಲ. ಅವನು ಸತ್ತಿದ್ದಾನೆ ಎಂಬುದು ನನಗೆ ತಿಳಿದದ್ದು ಆ ಬಸ್ಸಿನಲ್ಲಿ.