ಇಬ್ಬರು ಕೂರುವ ಟ್ಯೂಬು

ನಸುಕಿನ ನಾಲ್ಕೂವರೆಗೆ ನಳದ ನೀರು. ಬೀದರಿನ ಮೈಲೂರಿನ ಆ ಓಣಿಗೆ ಮೂರು ದಿನಕ್ಕೊಮ್ಮೆ ನೀರು ಬರುತ್ತದೆ. ಎರಡು ಡ್ರಮ್ಮು, ಒಂಬತ್ತು ಕೊಡ, ಕೊನೆಗೆ ಹಿಡಿ ಮುರಿದ ಕುಕ್ಕರಿನಲ್ಲೂ ತುಂಬಿಡಬೇಕು. ನೀರು ಬರದ ದಿನ ಆ ಹೊತ್ತು ಬಟ್ಟೆ ಒಗೆಯುವುದಕ್ಕೆ. ಆಮೇಲೆ ಅಂಗಳ ಗುಡಿಸುವುದು. ಅತ್ತೆಯ ಸ್ನಾನಕ್ಕೆ ಬಿಸಿನೀರು, ಅತ್ತೆಯ ಮೊಣಕಾಲಿಗೆ ಎಣ್ಣೆ. ಹದಿನಾಲ್ಕು ಜೋಳದ ರೊಟ್ಟಿ, ಗಂಡನಿಗೆ ಮೆತ್ತಗಿನವು, ಮಗನಿಗೆ ಕಡಕ್. ಒಂದು ಪಲ್ಯ, ಅತ್ತೆಗೆ ಖಾರವಿಲ್ಲದ್ದು ಬೇರೆ. ಮೂರು ಡಬ್ಬಿ. ಬುದ್ಧನ ಮೂರ್ತಿಯ ಮುಂದೆ ಒಂದು ಮೇಣದಬತ್ತಿ. ಮಗನನ್ನು ಮೂರು ಸಲ ಎಬ್ಬಿಸುವುದು. ಇದನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲ, ಸುಮನ ಎಣಿಸುತ್ತಾಳೆ. ಇಷ್ಟೆಲ್ಲ ಮುಗಿದಾಗ ಹೊರಗೆ ಬೆಳಕು ಹರಿಯಲು ಶುರುವಾಗಿರುತ್ತದೆ.

ಏಳೂವರೆಗೆ ಭಾಲ್ಕಿ ಕಡೆಯ ಬಸ್ಸು. ಅರ್ಧ ತಾಸಿನ ದಾರಿಯಲ್ಲಿ ನೀಲಧಾರಾ ವಾಟರ್ ಪಾರ್ಕ್ ಇದೆ. ಸುಮನ ಅಲ್ಲಿ ಹೆಂಗಸರ ಬಟ್ಟೆ ಕೌಂಟರಿನವಳು. ನೀರಿಗೆ ಇಳಿಯುವವರಿಗೆ ನೈಲಾನಿನ ಪ್ಯಾಂಟು, ಅಂಗಿ ಕೊಡಬೇಕು. ಅವರು ಬಿಚ್ಚಿಟ್ಟು ಹೋದದ್ದನ್ನು ಒಗೆದು, ಹಿಂಡಿ, ಹಗ್ಗಕ್ಕೆ ಹಾಕಿ, ಮಡಚಿ ಮತ್ತೆ ಕೊಡಬೇಕು. ಮನೆಯಲ್ಲಿ ನಾಲ್ಕು ಜನರ ಬಟ್ಟೆಯಾದರೆ ಇಲ್ಲಿ ಇನ್ನೂರು ಜನರದು. ಆದರೂ ಅವಳಿಗೆ ಈ ಜಾಗದ ಮೇಲೆ ಒಂದು ಋಣಭಾವವಿತ್ತು. ಇಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತರೆ ಅರ್ಧ ತಾಸು ಅವಳನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ತನ್ನ ರೊಟ್ಟಿಯನ್ನು ಬಿಸಿಲಿಗೆ ಬೆನ್ನು ಕೊಟ್ಟು, ಕೊನೆಯ ತುತ್ತಿನವರೆಗೂ ಕೂತೇ ಉಣ್ಣುವುದು ಎಂಥ ಸುಖವೆಂದು ಅವಳಿಗೆ ನಲವತ್ತರ ಹತ್ತಿರ ಬಂದ ಮೇಲೆ ತಿಳಿದಿತ್ತು.

ಕೆಲಸಕ್ಕೆ ಸೇರಿದ ಎಂಟು ವರ್ಷದಲ್ಲಿ ಒಮ್ಮೆಯೂ ಅವಳು ನೀರಿಗೆ ಇಳಿದಿರಲಿಲ್ಲ. ಇಳಿಯಬೇಡ ಎಂದು ಯಾರೂ ಹೇಳಿರಲಿಲ್ಲ. ಇಳಿ ಎಂದೂ ಯಾರೂ ಹೇಳಿರಲಿಲ್ಲ.

ಹೇಳಿದವಳು ಔರಾದಿನ ಶಾಕಿರಾ ಬೇಗಂ. ಮೇ ತಿಂಗಳ ಒಂದು ಗುರುವಾರ ಅವಳು ತನ್ನ ಸ್ವಸಹಾಯ ಸಂಘದ ಹೆಂಗಸರನ್ನು ಟೆಂಪೋದಲ್ಲಿ ತುಂಬಿಕೊಂಡು ಬಂದಳು. ತಾನೂ ಸೇರಿ ಹನ್ನೊಂದು ಮಂದಿ. ಬೀದರಿನಲ್ಲಿ ಬ್ಯಾಂಕಿನವರ ಟ್ರೇನಿಂಗ್ ಇದೆ ಎಂದು ಎಲ್ಲರೂ ಮನೆಯಲ್ಲಿ ಹೇಳಿ ಬಂದವರು. ಹಾಗಾಗಿ ಶಾಕಿರಾ ಬೇಗಂ ಬಹಳ ಹುಷಾರಿಯಿಂದ ಹನ್ನೊಂದೂ ಫೋನುಗಳನ್ನು ರೊಟ್ಟಿಯ ಬಟ್ಟೆಯಲ್ಲಿ ಗಂಟು ಕಟ್ಟಿ ಟೆಂಪೋದೊಳಗೆ ಇಟ್ಟು ಕೀಲಿ ಹಾಕಿಸಿದ್ದಳು. ನಮ್ಮಲ್ಲಿ ಫೋನಿಲ್ಲದಿದ್ದರೆ ಫೋಟೋ ಎಲ್ಲಿಂದ ಬರುತ್ತದೆ ಎಂಬುದು ಅವಳ ಲೆಕ್ಕ. ಊರಿನ ಉಳಿದವರ ಕೈಯಲ್ಲೂ ಫೋನಿರುತ್ತದೆ ಎನ್ನುವುದು ಆ ಗಡಿಬಿಡಿಯಲ್ಲಿ ಯಾರ ತಲೆಗೂ ಹೊಳೆಯಲಿಲ್ಲ.

ಹೆಂಗಸರ ಕೊಳಕ್ಕೆ ಇಳಿಯುವ ಹಳದಿ ಬಣ್ಣದ ದೊಡ್ಡ ಜಾರುಬಂಡೆಯಲ್ಲಿ ಒಂದು ಕಟ್ಟಳೆಯಿದೆ. ಟ್ಯೂಬಿನಲ್ಲಿ ಇಬ್ಬರು ಕೂತರೆ ಮಾತ್ರ ಕೆಳಗೆ ಬಿಡುತ್ತಾರೆ. ಒಬ್ಬರೇ ಕೂತರೆ ತಿರುವಿನಲ್ಲಿ ಮಗುಚುತ್ತದೆ. ಹನ್ನೊಂದು ಮಂದಿಯಲ್ಲಿ ಐದು ಜೋಡಿ ಜಾರಿ ಕೆಳಗೆ ಬಂದವು. ಕರುಣಾ ಎಂಬ ತೆಳ್ಳಗಿನ ಹೆಂಗಸು ಮೆಟ್ಟಿಲ ಬುಡದಲ್ಲಿ ಉಳಿದಳು. ಜಾರಿ ಬಂದವರೆಲ್ಲ ನಗುತ್ತ ನೀರಿನಲ್ಲೇ ಕೂತರು, ಇನ್ನೊಮ್ಮೆ ಹತ್ತಲು ಯಾರೂ ತಯಾರಿಲ್ಲ.

"ಏ ಬಟ್ಟಿ ಅಕ್ಕಾ!" ಶಾಕಿರಾ ಬೇಗಂ ಕೊಳದಿಂದಲೇ ಕೂಗಿದಳು. "ನಮ್ಮ ಕರುಣಾಗ ಜೋಡಿ ಸಿಗವಲ್ದು. ಬಾ ಜಲ್ದಿ!"

"ನಂಗ ಕೆಲಸ ಅದರೀ."

"ಕೆಲಸ ಏನು ನಿನ್ನ ಗಂಡನಾ, ತಡ ಆದ್ರ ಸಿಟ್ಟಾಗ್ಲಿಕ್ಕಿ? ಬಿದ್ದಿರ್ತದ ಅಲ್ಲೇ. ಬಾ!"

ಕರುಣಾ ಅವಳನ್ನೇ ನೋಡಿದಳು. ಪಂಕ್ತಿಯ ಕೊನೆಗೆ ಉಣ್ಣಲು ಕೂತವಳು ಬರಿದಾದ ಬುಟ್ಟಿಯನ್ನು ನೋಡುವ ನೋಟ ಅದು; ಸುಮನಳಿಗೆ ಚೆನ್ನಾಗಿ ಗೊತ್ತಿದ್ದ ನೋಟ. ಅವಳು ಹಗ್ಗದಿಂದ ಒಂದು ಜೊತೆ ಬಟ್ಟೆ ಎಳೆದುಕೊಂಡಳು.

ಮೇಲೆ ಟ್ಯೂಬಿನಲ್ಲಿ ಕೂತಾಗ ಕರುಣಾಳ ಎರಡೂ ಕೈ ಸುಮನಳ ಸೊಂಟವನ್ನು ಬಿಗಿಯಾಗಿ ಹಿಡಿದಿದ್ದವು. ಆಮೇಲೆ ನೀರು, ಆಕಾಶ, ಹಳದಿ, ಮತ್ತೆ ನೀರು. ಹೊಟ್ಟೆಯೊಳಗಿಂದ ಎದ್ದ ಒಂದು ನಗೆ ಬಾಯಿಗೆ ಬಂದದ್ದು ಯಾವಾಗ ಎಂದೇ ಅವಳಿಗೆ ತಿಳಿಯಲಿಲ್ಲ.

ಕೊಳದ ದಂಡೆಯಲ್ಲಿ ಮಂಗಲಪೇಟೆಯ ನಿಸ್ಸಿ ಫೋನು ಹಿಡಿದು ನಿಂತಿದ್ದಳು, ಆಗಾಗ ಪಾರ್ಕಿಗೆ ಬರುವ, ನರ್ಸಿಂಗ್ ಓದುವ ಪರಿಚಯದ ಹುಡುಗಿ. "ಆಂಟಿ, ನಿಮ್ಮ ವಿಡಿಯೋ ಭಾರಿ ಬಂದದ. ಹಾಕ್ಲೇನ್ರಿ?"

"ಹಾಕು ಯವ್ವಾ," ಎಂದಳು ಸುಮನ, ಇನ್ನೂ ಕೆಮ್ಮುತ್ತ, ನಗುತ್ತ. ಕರುಣಾ ಆಗಲೇ ಕೂದಲು ಹಿಂಡಿಕೊಳ್ಳಲು ಒಳಗೆ ಹೋಗಿದ್ದಳು.

ಒಂದು ವಾರದಲ್ಲಿ ಮೂರು ಲಕ್ಷ ಜನ ಆ ನಗೆಯನ್ನು ನೋಡಿದರು. ಸುಮನಳ ಮನೆಯಲ್ಲಿ ಎರಡು ಆಲ್ಬಮ್ ಇವೆ. ಹುಟ್ಟುಹಬ್ಬ, ಗೃಹಪ್ರವೇಶ, ಮಗನ ಸಾಲೆಯ ಬಹುಮಾನ ಎಲ್ಲ ಇವೆ. ಮದುವೆಯ ಫೋಟೋಗಳನ್ನು ಬಿಟ್ಟರೆ ಅವಳಿರುವುದು ಒಂದರಲ್ಲಿ, ಅದರಲ್ಲೂ ತಾಟು ಹಿಡಿದ ಅರ್ಧ ಕೈ. ಈಗ ಮೊದಲ ಸಲ ಅವಳು ಇಡಿಯಾಗಿ, ಕೈಯಲ್ಲಿ ಏನೂ ಹಿಡಿಯದೆ ಕಾಣುತ್ತಿದ್ದಳು. ಗಂಡ ಅನೀಲಕುಮಾರ ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದ. ಮಗ ನಾಗಸೇನ ಎಷ್ಟು ಜನ ನೋಡಿದರೆಂದು ದಿನಾ ಓದಿ ಹೇಳುತ್ತಿದ್ದ. ಅತ್ತೆ ಕೇಶರಬಾಯಿ ಕನ್ನಡಕ ಹಾಕಿಕೊಂಡು ಏಳು ಸಲ ನೋಡಿದಳು.

"ಇಕಿಗಿ ಇಷ್ಟ್ ಹಲ್ಲು ಅವಂತ ಇಪ್ಪತ್ತ್ ವರ್ಷಕ್ಕ ಗೊತ್ತಾತು ನೋಡ್," ಎಂದು ಮಗನಿಗೆ ಹೇಳಿದಳು. ಮರುದಿನ ಸುಮನ ಎಣ್ಣೆಯ ಬಟ್ಟಲು ತರುವಷ್ಟರಲ್ಲಿ, "ಇಡು ಅಲ್ಲಿ. ನನಗ ಕೈ ಇಲ್ಲೇನು?" ಎಂದಳು. ಗದರಿದ ಹಾಗೆಯೇ ಇತ್ತು. ಆದರೆ ಆ ನಸುಕಿನಲ್ಲಿ ಉಳಿದ ಹತ್ತು ನಿಮಿಷ ಸುಮನ ಹೊಸ್ತಿಲ ಮೇಲೆ ಕೂತು ಚಹಾ ಕುಡಿದಳು. ಭಾಲ್ಕಿ ತಾಲ್ಲೂಕಿನ ಮೆಹಕರದಿಂದ ಅಪ್ಪ ಪಂಢರಿ ಫೋನು ಮಾಡಿ, "ಸಣ್ಣಾಕಿದ್ದಾಗ ಹಳ್ಳದಾಗ ಈಸಾಡುವಾಗ ಹಿಂಗೇ ನಗ್ತಿದ್ದಿ ಬೇಟಾ, ನಾ ಮರ್ತೇಬಿಟ್ಟಿದ್ದೆ," ಎಂದಿದ್ದ. ನೆರೆಮನೆಯವರ ಫೋನಿನಲ್ಲಿ ದಿನಕ್ಕೊಮ್ಮೆ ನೋಡುತ್ತಾನಂತೆ.

ಪಾರ್ಕಿಗೂ ಜನ ಹೆಚ್ಚಾದರು. ಎಲ್ಲರ ಕೈಯಲ್ಲೂ ಎತ್ತಿ ಹಿಡಿದ ಫೋನು. ತೊಯ್ದ ಬಟ್ಟೆಯಲ್ಲಿ ತಮ್ಮನ್ನು ಯಾರೋ ಫೋನಿನಲ್ಲಿ ಸೆರೆಹಿಡಿದರು ಎಂದು ಇಬ್ಬರು ಹೆಂಗಸರು ದೂರಿದ್ದರು. ಮ್ಯಾನೇಜರ್ ಖಾಲಿದ ಕೌಂಟರಿನ ಹೊರಗೆ ನಿಂತು ಕೇಳಿದ: "ಸುಮನಬಾಯಿ, ಹೆಂಗಸರ ಕೊಳದಾಗ ಫೋನ್ ಬಿಡಬೇಕೋ ಬ್ಯಾಡೋ ನೀವೇ ಹೇಳ್ರಿ. ಆ ಕಡಿ ನಾ ಬರಂಗಿಲ್ಲ, ಅಲ್ಲಿ ಏನ್ ನಡಿತದ ನಿಮಗೇ ಗೊತ್ತು."

"ಬಿಡ್ರಿ ಸಾಬ್. ಹುಡುಗ್ಯಾರು ಖುಷಿ ಪಡ್ತಾರ," ಎಂದಿದ್ದಳು ಸುಮನ. ಆಗ ಅವಳಿಗೆ ಹೊಳೆದದ್ದು ತನ್ನ ಖುಷಿ ಒಂದೇ.

ಅದಾಗಿ ಮೂರನೆಯ ದಿನ ಕರುಣಾ ಬಂದಳು. ಔರಾದಿನಿಂದ ಬೀದರಿಗೆ ಒಂದು ಬಸ್ಸು, ಬೀದರಿನಿಂದ ಇಲ್ಲಿಗೆ ಇನ್ನೊಂದು. ಟಿಕೆಟ್ ತೆಗೆಸದೆ, ಕಾವಲುಗಾರನಿಗೆ ಹೇಳಿ ನೇರ ಕೌಂಟರಿಗೆ ಬಂದಿದ್ದಳು. ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಅಕ್ಕಾ, ನಮ್ಮ ಮೈದುನ ಹೊಸಾ ಫೋನ್ ತೊಗೊಂಡಾನ. ಇಡೀ ದಿನ ಅದರಾಗೇ ಇರ್ತಾನ. ಇವತ್ತಿಲ್ಲ ನಾಳಿ ಆ ವಿಡಿಯೋ ನೋಡೇ ನೋಡ್ತಾನ."

"ನೋಡಿದ್ರ?"

"ಮುಂದಿನ ತಿಂಗಳು ಬೀದರದಾಗ ಖರೇನೇ ಟ್ರೇನಿಂಗ್ ಅದ. ನಮ್ಮ ಸಂಘದಿಂದ ನನಗೊಬ್ಬಾಕಿಗೇ ಆರಿಸ್ಯಾರ. ಮುಗಿಸಿದ್ರ ಬ್ಯಾಂಕಿನ ಕೆಲಸ ಊರಾಗೇ ಸಿಗ್ತದ. ಮೊದಲಿಂದು ಸುಳ್ಳು ಅಂತ ಗೊತ್ತಾದ್ರ, ಇದಕ್ಕ ಯಾರ್ ನಂಬ್ತಾರ ಹೇಳ್ರಿ? ಹೊಸ್ತಿಲಾ ದಾಟಲಿಕ್ಕಿ ಬಿಡಂಗಿಲ್ಲ."

ಸುಮನ ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತಲೇ ಇದ್ದಳು. ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚಿದಳು.

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲರಿ," ಎಂದಳು ಕರುಣಾ. "ಅವತ್ತ್ ನೀವ್ ಬರಲಿಲ್ಲಂದ್ರ ನಾ ಮ್ಯಾಲ ನೋಡಕೋತ ನಿಂತು ಹಂಗೇ ಹೋಗ್ತಿದ್ದೆ. ಆದ್ರ ಆ ಹುಡುಗಿ ಹಾಕ್ಲೇನಂತ ನಿಮಗ ಕೇಳಿದ್ಲಂತ ಶಾಕಿರಾ ಅಕ್ಕ ಹೇಳಿದ್ರು; ಆಗ ನನಗೊಂದ್ ಮಾತ್ ಕೇಳಬೇಕಿತ್ತು ಅಕ್ಕಾ. ಟ್ಯೂಬಿನ್ಯಾಗ ನಾನೂ ಇದ್ದೆ."

ಕೇಳಿರಲಿಲ್ಲ. ಇಪ್ಪತ್ತು ವರ್ಷ ಸುಮನಳ ಪರವಾಗಿ ಮನೆಯವರೇ ಹೂಂ ಅನ್ನುತ್ತ ಬಂದಿದ್ದರು. ನಾಲ್ಕು ಜನರ ಅಡುಗೆಗೆ ಹತ್ತು ಜನ ಬಂದರೂ ಹೂಂ, ಅವಳ ತವರಿನ ಪ್ರಯಾಣ ನಿಂತರೂ ಹೂಂ. ತನಗೆ ಒಮ್ಮೆ ಹೂಂ ಅನ್ನುವ ಸರದಿ ಬಂದಾಗ ಅವಳು ಅದೇ ಪದ್ಧತಿಯಲ್ಲಿ ಇನ್ನೊಬ್ಬಳದ್ದನ್ನೂ ಸೇರಿಸಿ ಅಂದುಬಿಟ್ಟಿದ್ದಳು. ಕರುಣಾಳಿಗೆ ತನ್ನ ಡಬ್ಬಿಯ ರೊಟ್ಟಿ ಉಣ್ಣಿಸಿ, ಬಸ್ಸು ಹತ್ತಿಸಿ ಬಂದಳು.

ಸಂಜೆ ಬಸ್ ಸ್ಟಾಪಿನಲ್ಲಿ ನಿಂತು ನಿಸ್ಸಿಗೆ ಫೋನು ಮಾಡಿದಳು. ಹುಡುಗಿ ಗಾಬರಿಯಾದಳು.

"ಅಯ್ಯೋ ಆಂಟಿ, ನನಗ ಗೊತ್ತೇ ಇರಲಿಲ್ಲರಿ. ನೀವು ಹೇಳಿದ್ರ ಈಗೇ ತೆಗಿತೇನಿ."

"ಅಕಿಗಷ್ಟೇ ತೆಗಿಲಿಕ್ಕಿ ಬರ್ತದೇನವ್ವಾ?"

"ಅವರ ಕೈ ನಿಮ್ಮ ಸೊಂಟದ ಮ್ಯಾಲ ಅದರಿ. ಅವರಿಗಿ ಕತ್ತರಿಸಿದ್ರ ನೀವೂ ಹೋಗ್ತೀರಿ. ಮುಖ ಮಸುಕು ಮಾಡಿ ಹಾಕಿದ್ರ ಮಂದಿ ಯಾರಿಕಿ, ಯಾಕ ಮುಚ್ಯಾರಂತ ಇನ್ನಾ ಹುಡುಕ್ತಾರ." ನಿಸ್ಸಿಯೇ ಮತ್ತೆ ಕೇಳಿದಳು: "ತೆಗಿಯೋ ಮೊದಲು ನಿಮಗಷ್ಟೇ ಒಂದು ಕಾಪಿ ಕಳಸ್ಲೇನು? ನಿಮ್ಮ ಫೋನಿನ್ಯಾಗ ಇರ್ತದ."

"ನಾಳಿ ಮುಂಜಾನಿ ಹೇಳ್ತೇನಿ."

ಅವಳ ಫೋನು! ಹೆಸರಿಗೆ ಅವಳದು. ಗಂಡ ಅದರಲ್ಲಿ ಸ್ಟೇಟಸ್ ಹಾಕುತ್ತಾನೆ, ಮಗ ಅದರಲ್ಲಿ ಆಡುತ್ತಾನೆ, ಅತ್ತೆ ಸಂಜೆ ಭಜನೆ ಕೇಳುತ್ತಾಳೆ. ಅದರೊಳಗೆ ಬಂದದ್ದು ಗಳಿಗೆಯಲ್ಲಿ ನೆಂಟರ ಗುಂಪಿಗೆ ಹೋಗುತ್ತದೆ, ಯಾರ ಕೆಟ್ಟ ಮನಸ್ಸಿನಿಂದಲೂ ಅಲ್ಲ, ಪ್ರೀತಿಯಿಂದಲೇ. ನೆಂಟರಲ್ಲಿ ಔರಾದಿನವರೂ ಇದ್ದಾರೆ.

ಮರುದಿನ ನಾಲ್ಕೂವರೆಗೆ ನೀರು ತುಂಬಿದಳು. ರೊಟ್ಟಿ ಬಡಿದಳು. ಅತ್ತೆ ತಾನೇ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ವಿಡಿಯೋ ಹೋದರೆ ಆ ಹತ್ತು ನಿಮಿಷವೂ ಹೋಗಬಹುದು ಎಂಬ ಅಂಜಿಕೆ ಸುಮನಳಿಗೆ ಇಲ್ಲದಿರಲಿಲ್ಲ. ಅಪ್ಪನಿಗೆ ಏನು ಹೇಳುವುದು ಎಂದೂ ತಿಳಿದಿರಲಿಲ್ಲ. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ.

ಪಾರ್ಕಿನ ಗೇಟು ತೆಗೆಯಲು ಇನ್ನೂ ಮುಕ್ಕಾಲು ತಾಸಿತ್ತು. ಒಣಗಿದ ಬಟ್ಟೆಗಳ ನಡುವೆ ಕೂತು ಅವಳು ಕೊನೆಯ ಸಲ ನೋಡಿದಳು. ಈ ಸಲ ತನ್ನನ್ನು ನೋಡಲಿಲ್ಲ. ಹಿಂದೆ ಕೂತ ಕರುಣಾಳನ್ನು ನೋಡಿದಳು. ಅವಳೂ ಅಷ್ಟೇ ಜೋರಾಗಿ ನಗುತ್ತಿದ್ದಳು, ಕಣ್ಣು ಮುಚ್ಚಿಕೊಂಡು. ಎಂಟು ವರ್ಷ ಯಾರೂ ಎಬ್ಬಿಸದಿದ್ದ ಜಾಗದಿಂದ ತನ್ನನ್ನು ಎಬ್ಬಿಸಿ ನೀರಿಗೆ ಒಯ್ದವಳು ಇವಳು. ಜೋಡಿಯಿಲ್ಲದೆ ಉಳಿದದ್ದು ಇವಳಲ್ಲದೆ ಬೇರೆ ಯಾರಾದರೂ ಆಗಿದ್ದರೆ ತಾನು ಎದ್ದು ಹೋಗುತ್ತಿದ್ದೆನೋ ಇಲ್ಲವೋ. "ನಿನ್ನಿಂದ ಆತು ತಂಗೀ," ಎಂದಳು ಫೋನಿಗೆ.

ಆಮೇಲೆ ನಿಸ್ಸಿಗೆ ಬರೆದಳು: "ತೆಗೆದುಬಿಡು. ಕಾಪಿ ಬೇಡ. ನಿನ್ನ ಉಪಕಾರ ಮರೆಯುವುದಿಲ್ಲ."

ಎದ್ದು, ಒದ್ದೆ ಬಟ್ಟೆ ಹಾಕುವ ದೊಡ್ಡ ಬುಟ್ಟಿಯನ್ನು ಕೊಡವಿ, ಒಳಗೆ ಒಂದು ಒಣ ಟವಲ್ ಹಾಸಿ, ಹೆಂಗಸರ ಕೊಳದ ಬಾಗಿಲಿಗೆ ಅಡ್ಡ ಇಟ್ಟಳು. ಹೊರಗಿನ ಕಾರಂಜಿಯ ಹತ್ತಿರ ಯಾರು ಬೇಕಾದರೂ ಎಷ್ಟು ಬೇಕಾದರೂ ವಿಡಿಯೋ ತೆಗೆಯಲಿ, ಈ ಬಾಗಿಲೊಳಗೆ ಬೇಡ; ಒಳಗೆ ಹೋಗುವವರ ಫೋನು ಈ ಬುಟ್ಟಿಯಲ್ಲಿ. ಖಾಲಿದ ಬಂದ ಮೇಲೆ ಹೀಗೇ ಹೇಳಬೇಕು. ಬಟ್ಟೆಗೆ ಕೊಡುವ ನಂಬರಿನ ಬಿಲ್ಲೆಗಳಲ್ಲಿ ಒಂದನ್ನು ತೆಗೆದುಕೊಂಡಳು, ಒಂದನೇ ನಂಬರಿನದು. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ತನ್ನ ಫೋನನ್ನು ಬುಟ್ಟಿಯೊಳಗೆ ಇಟ್ಟಳು.