ಕೇಳಿದರೂ ಏಳಲಾಗದ ಮಧ್ಯಾಹ್ನ

ಕರ್ನಾಟಕ ಒಂದಾದ ದಿನ ಬೆಟಗೇರಿಯ ನಮ್ಮ ಮನೆಯ ಗಂಡಸರೆಲ್ಲ ಮಗ್ಗ ನಿಲ್ಲಿಸಿ ಗದಗಿನ ಮೆರವಣಿಗೆಗೆ ಹೋಗಿದ್ದರು. ಹೊಸ ಸೊಸೆಯಾದ ನಾನು ಊಟವಾದ ಮೇಲೆ ಮಗ್ಗದ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದೆ. ಹಿತ್ತಲಿನಲ್ಲಿ ಅತ್ತೆ ಜಾರಿ ಬಿದ್ದ ಸಪ್ಪಳಕ್ಕೆ ಎಚ್ಚರವಾಯಿತು.

"ತಂಗೀ, ಲಗೂ ಬಾ, ಏಳಾಕ ಬರವಲ್ದು" ಎಂದು ಅವರು ಕೂಗುತ್ತಿದ್ದರು.

ಮಗ್ಗದ ಎಳೆಗಳು ಕಾಣುತ್ತಿದ್ದವು, ಬೀದಿಯ ಜಯಕಾರವೂ ಕೇಳುತ್ತಿತ್ತು. ಆದರೆ ನನ್ನ ಬೆರಳು ಕೂಡ ಅಲುಗಲಿಲ್ಲ. ಎದೆಯ ಮೇಲೆ ಯಾರೋ ಕುಳಿತಂತಿತ್ತು. ಕೂಗಲು ಹೋದರೆ ದನಿ ಹೊರಡಲಿಲ್ಲ.

ಕೈಕಾಲಿಗೆ ಜೀವ ಬಂದು ನಾನು ಓಡುವಷ್ಟರಲ್ಲಿ ಅತ್ತೆ ಗೋಡೆ ಹಿಡಿದು ಎದ್ದು ನಿಂತಿದ್ದರು. ಮೊಣಕೈಯಿಂದ ರಕ್ತ ಸೋರುತ್ತಿತ್ತು.

"ಕೇಳಿಸ್ತಿತ್ರಿ ಅತ್ತಿ, ಖರೇನ ಏಳಾಕ ಬರಲಿಲ್ರಿ" ಎಂದೆ, ತಲೆ ಎತ್ತಲಾಗದೆ.

"ನನಗೂ ಹಂಗ ಆಗತೈತಿ. ಮೈ ಮಕ್ಕೊಂಡಿರತೈತಿ, ಮನಸು ಎದ್ದಿರತೈತಿ. ಅಳಬ್ಯಾಡ" ಎಂದರು.

ಮಿದುಳು ಎಚ್ಚರಗೊಂಡರೂ ಕೆಲವೊಮ್ಮೆ ದೇಹ ಕನಸಿನ ನಿದ್ದೆಯ ಹಿಡಿತದಲ್ಲೇ ಉಳಿಯುತ್ತದೆಂದು ಎಷ್ಟೋ ವರ್ಷಗಳ ಮೇಲೆ ವೈದ್ಯರೊಬ್ಬರು ವಿವರಿಸಿದರು. ನನಗೆ ಸಮಾಧಾನವಾಗಲಿಲ್ಲ. ಅತ್ತೆ ಬಿದ್ದ ದಿನ ಬೆಳಿಗ್ಗೆಯಷ್ಟೇ ಅವರು ನನ್ನನ್ನು ಬೈದಿದ್ದರು. ಏಳಲು ಆಗಲಿಲ್ಲವೋ, ಏಳುವ ಮನಸ್ಸಾಗಲಿಲ್ಲವೋ ಎಂಬುದು ನನಗೇ ತಿಳಿಯದೆ, ಅವರ ಮೊಣಕೈಯ ಕಲೆ ಕಂಡಾಗಲೆಲ್ಲ ನಾಚಿ ಕಣ್ಣು ತಪ್ಪಿಸುತ್ತಿದ್ದೆ.