ಕತ್ತರಿ ಅಕ್ಕನ ಕೊಲ್ಲಿ

ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಜನ ಹೇಳುವುದು ಶುದ್ಧ ಸುಳ್ಳು. ತುದಿಯವರೆಗೆ ಬರಲೂ ಒಂದಿಷ್ಟು ಹೊತ್ತು ಬೇಕಲ್ಲ, ಅವಳದು ಅಷ್ಟು ಹೊತ್ತು ಕಾಯುವ ಕೋಪವೇ ಅಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳದೊಂದು ಕಟಿಂಗ್ ಶಾಪ್. ಎರಡು ಕುರ್ಚಿ, ಉದ್ದಕ್ಕೆ ಒಂದು ಕನ್ನಡಿ, ಮೂಲೆಯಲ್ಲಿ ಕೂದಲು ಗುಡಿಸಿಟ್ಟ ಡಬ್ಬ. ಕುರ್ಚಿಯಲ್ಲಿ ಕೂತವನು ಫೋನ್ ಬಂತೆಂದು ಕತ್ತು ಹೊರಳಿಸಿದರೆ, "ಕಿವಿ ಬೇಕಾ ಬೇಡ್ವಾ, ಮೊದ್ಲೇ ಹೇಳ್ಬಿಡಿ" ಎನ್ನುತ್ತಾಳೆ. ಆದರೂ ಗಿರಾಕಿಗಳು ಬೇರೆ ಅಂಗಡಿಗೆ ಹೋಗುವುದಿಲ್ಲ. ಬೈಸಿಕೊಂಡರೂ ಪರವಾಗಿಲ್ಲ, ತಲೆ ಚೆನ್ನಾಗಿ ಕಾಣಬೇಕಲ್ಲ! ಬೀದಿಗೆಲ್ಲ ಅವಳು ಕತ್ತರಿ ಅಕ್ಕ.

ಮನೆಯಲ್ಲಿ ಅವಳು ಮತ್ತು ಅವಳ ತಮ್ಮ, ಇಬ್ಬರೇ. ತಮ್ಮ ಅಂಗಡಿಗಳಿಗೆ ಬೋರ್ಡ್ ಬರೆಯುವ ಪೇಂಟರ್ ಆಗಿದ್ದವನು. ಏಣಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು, ಗಾಲಿಕುರ್ಚಿ ಹಿಡಿದ. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. ಬೆಳಗ್ಗೆ ಅಕ್ಕ ಲೋಟ ಮುಂದಿಟ್ಟರೆ, "ಇದೇನು ಟೀನಾ, ಬ್ರಷ್ ತೊಳೆದ ನೀರಾ?" ಅನ್ನುವನು. "ಬೇಡ್ದಿದ್ರೆ ಚೆಲ್ಲು, ಗಿಡಕ್ಕಾದ್ರೂ ಆಗುತ್ತೆ" ಅನ್ನುವಳು. ಆ ಮನೆಯಲ್ಲಿ ಅಕ್ಕರೆ ಎಲ್ಲ ಬೈಗುಳದ ರೂಪದಲ್ಲೇ ಓಡಾಡುತ್ತಿತ್ತು. ಪಕ್ಕದ ಮನೆಯವರು ಮೊದಮೊದಲು ಹೆದರಿ ಬಾಗಿಲು ಹಾಕಿಕೊಳ್ಳುತ್ತಿದ್ದರು, ಆಮೇಲೆ ರೂಢಿಯಾಯಿತು.

ತಮ್ಮನಿಗೆ ಹುಚ್ಚು ಹಿಡಿಸಿದ್ದು ಯುದ್ಧದಾಟ. ಹೆಬ್ಬೆರಳಿನಷ್ಟು ಎತ್ತರದ ಸೀಸದ ಸೈನಿಕರು, ಕುದುರೆಗಳು, ಫಿರಂಗಿಗಳು. ದೊಡ್ಡ ಮೇಜಿನ ಮೇಲೆ ಗುಡ್ಡ, ಹೊಳೆ, ಊರು ಎಲ್ಲ ಮಾಡಿಟ್ಟು, ಎರಡು ಕಡೆಯವರು ಟೇಪು ಹಿಡಿದು ಅಳೆದು ಅಳೆದು ತಂತಮ್ಮ ಪಡೆ ಮುಂದೆ ತಳ್ಳಬೇಕು. ಗುಂಡು ತಗುಲಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ಬಟ್ಟೆ ಅಂಗಡಿಯ ಹಿಂದಿನ ಹಾಲ್‌ನಲ್ಲಿ ಇದಕ್ಕೊಂದು ಕ್ಲಬ್ಬು, ಹತ್ತಿಪ್ಪತ್ತು ಜನ ಸದಸ್ಯರು. ತಮ್ಮನೋ, ಸೈನಿಕರ ಕಣ್ಣಿಗೂ ಬಣ್ಣ ಹಾಕುವನು. ಆದರೆ ಆಡಲು ಹೋದರೆ ಮೇಜು ಅವನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಗಾಲಿಕುರ್ಚಿಯ ಕೈಗಳು ಅಂಚಿಗೆ ಬಡಿದು ನಿಲ್ಲುತ್ತಿದ್ದವು. ನಡುವೆ ಇರುವ ತನ್ನ ಕುದುರೆಯನ್ನು ಸರಿಸಲು, "ಸ್ವಲ್ಪ ಎಡಕ್ಕೆ, ಅಲ್ಲ, ನನ್ನೆಡಕ್ಕೆ" ಎಂದು ಕಂಡವರನ್ನು ಕೇಳಬೇಕು. ಅವರು ಸರಿಸುವುದು ತಾವು ಸರಿಯೆಂದುಕೊಂಡ ಕಡೆಗೆ.

ಒಂದು ದಿನ ಇದನ್ನು ಕಣ್ಣಾರೆ ನೋಡಿದ ಅಕ್ಕ ಕೆಂಡಾಮಂಡಲವಾದಳು. "ನಿಮ್ಮ ಮೇಜು ನೀವೇ ಇಟ್ಕೊಳ್ಳಿ. ನಾನೊಂದು ಮಾಡ್ತೀನಿ" ಎಂದು ಹೇಳಿ ಬಂದಳು. ಹೇಳುವಾಗ ಅವಳಿಗೆ ಮೇಜು ಮಾಡುವುದು ಗೊತ್ತಿರಲಿಲ್ಲ. ಥರ್ಮಾಕೋಲ್ ಕೊಯ್ದು ಗುಡ್ಡ ಮಾಡಿ, ಒಣಗುವುದು ಬೇಗವಾಗಲಿ ಎಂದು ಸ್ಪ್ರೇ ಬಣ್ಣ ಹೊಡೆದಳು. ಬಣ್ಣದಲ್ಲಿದ್ದ ರಸಾಯನ ಥರ್ಮಾಕೋಲನ್ನು ತಿಂದು ಹಾಕಿತು. ಕಣ್ಣೆದುರೇ ಗುಡ್ಡ ಸುಯ್ಯೆಂದು ಕರಗಿ ಕುಸಿದು ಕೂತಿತು. ಅವಳು ಆ ಡಬ್ಬಿಯನ್ನು ಬೈದ ಬೈಗುಳ ಬೀದಿಯ ಆ ಕೊನೆಗೆ ಕೇಳಿಸಿತ್ತಂತೆ. ಆಮೇಲೆ ಕಲಿತಳು: ಮೊದಲು ಗೋಂದು ಕಲಸಿದ ಮರಳು ಬಳಿಯಬೇಕು, ಮೇಲೆ ಬ್ರಷ್ಷಿನಲ್ಲೇ ಬಣ್ಣ. ಗುಡ್ಡ ನೋಡಲು ಚೆಂದವೆಂದು ಜಾರುವಂತೆ ಮಾಡಬಾರದು, ಸೈನಿಕರು ಉರುಳಿ ಬೀಳುತ್ತಾರೆ, ಮೆಟ್ಟಿಲು ಮೆಟ್ಟಿಲಾಗಿ ಮಾಡಬೇಕು. ತಂತಿ ಹೊಸೆದರೆ ಮರ. ಇನ್ನು ಪೈರಿನ ಹೊಲ! ಗೊಂಬೆ ಹೊಲಿಯುವ ಉದ್ದ ಕೂದಲಿನ ಬಟ್ಟೆ ತಂದು, ಹಲಗೆಗೆ ಅಂಟಿಸಿ, ಬಣ್ಣ ಹಚ್ಚಿ, ಬಾಚಣಿಗೆಯಲ್ಲಿ ಬಾಚಿ, ಗಿರಾಕಿಗಳ ತಲೆಗೆ ಹಿಡಿಯುವ ಅದೇ ಮೆಷಿನ್ನಿನಲ್ಲಿ ಹದವಾಗಿ ಕತ್ತರಿಸಿದಳು. ಗಾಳಿಗೆ ಒಂದೇ ಕಡೆ ಬಾಗಿದ ಹೊಲದಂತೆ ಕಂಡಿತು. ಅದನ್ನು ಮುಟ್ಟಿ ನೋಡದೆ ಯಾರೂ ಮುಂದೆ ಹೋಗುತ್ತಿರಲಿಲ್ಲ. ಮುಟ್ಟಿದವರ ಕೈಗೆ ಅವಳು ಹೊಡೆಯದೆ ಬಿಡುತ್ತಿರಲಿಲ್ಲ.

ಆ ಮೇಜಿನ ಪ್ರಾಣ ಇದ್ದದ್ದು ಮಾತ್ರ ಬೇರೆ ಕಡೆ. ಆರಡಿ ನಾಲ್ಕಡಿ ಹಲಗೆಯ ಒಂದು ಉದ್ದದ ಅಂಚಿನ ನಡುವೆ, ಗಾಲಿಕುರ್ಚಿ ಒಳಗೆ ಬರುವಷ್ಟು ಜಾಗವನ್ನು ಅವಳು ಅರ್ಧಚಂದ್ರದಂತೆ ಕೊಯ್ದು ತೆಗೆದಿದ್ದಳು. ಸುತ್ತ ಮರಳಿನ ದಂಡೆ, ಐಸ್‌ಕ್ರೀಮ್ ಕಡ್ಡಿಯ ದೋಣಿಗಟ್ಟೆ, ಬಲೆ ಒಣಹಾಕಿದ ಎರಡು ಗುಡಿಸಲು. ಅದು ಕೊಲ್ಲಿ. ತಮ್ಮ ಅದರೊಳಗೆ ಕುರ್ಚಿ ನುಗ್ಗಿಸಿ ಕೂತರೆ ಎಡಕ್ಕೂ ಬಲಕ್ಕೂ ನಡುವಿಗೂ ಅವನದೇ ಕೈ ಎಟುಕುತ್ತಿತ್ತು. "ದಾರಿ ಬಿಡ್ರಪ್ಪಾ, ಸಮುದ್ರ ಬಂತು" ಎಂದು ಕೂಗಿಕೊಂಡೇ ಒಳಗೆ ಬರುತ್ತಿದ್ದ. ಮೇಜಿನ ಎತ್ತರವನ್ನೂ ಅವನ ಲೆಕ್ಕಕ್ಕೇ ತಗ್ಗಿಸಿದ್ದಳು. ಉಳಿದವರು ಬಗ್ಗಿ ಆಡಬೇಕಾಗುತ್ತದೆ ಎಂದು ಕ್ಲಬ್ಬಿನ ಸೆಕ್ರೆಟರಿ ಗೊಣಗಿದರೆ, "ಬಗ್ಗಿ, ಹೊಟ್ಟೆ ಕರಗುತ್ತೆ" ಎಂದಿದ್ದಳು.

ಕ್ಲಬ್ಬಿನಲ್ಲಿ ಆ ಮೇಜಿನ ಮೇಲೇ ಆಟ ಹೀಗೆ ನಡೆದಿತ್ತು. ಈಚೆಗೆ ಒಂದು ಸಂಜೆ ಕ್ಲಬ್ಬಿನಿಂದ ಬಂದ ತಮ್ಮ, ಅಕ್ಕ ಕೊಟ್ಟ ಲೋಟ ತೆಗೆದುಕೊಂಡು, "ಟೀ ಚೆನ್ನಾಗಿದೆ ಅಕ್ಕ" ಎಂದ.

ಅಕ್ಕ ಅವನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಮರುದಿನವೂ ಅದೇ ಮಾತು. ಸಾರಿಗೆ ಉಪ್ಪು ಜಾಸ್ತಿಯಾದರೂ ಸುಮ್ಮನೆ ಉಂಡ. ವಾರ ಕಳೆಯುವಷ್ಟರಲ್ಲಿ ಬ್ರಷ್ಷುಗಳನ್ನು ತೊಳೆದು ಡಬ್ಬಿಗೆ ಹಾಕಿ ಮುಚ್ಚಿದ. ಕ್ಲಬ್ಬಿಗೆ ಯಾಕೆ ಹೋಗುತ್ತಿಲ್ಲ ಎಂದರೆ, "ಬೇಜಾರಾಯ್ತು ಬಿಡು, ಚಿಕ್ಕ ಮಕ್ಕಳಾಟ" ಎಂದ. ಏಣಿಯಿಂದ ಬಿದ್ದಾಗಲೂ ಆಸ್ಪತ್ರೆಯವರನ್ನು ಬೈದು ಓಡಿಸಿದ್ದವನು ಈಗ ಯಾರ ಮೇಲೂ ರೇಗದೆ ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದ. ಅಕ್ಕನಿಗೆ ನಿಜವಾಗಿ ಭಯವಾಯಿತು. ಭಯವಾದಾಗ ಅವಳಿಗೆ ಏನು ಬರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಅಷ್ಟೂ ದಿನ ಗಿರಾಕಿಗಳು ಉಸಿರು ಬಿಗಿಹಿಡಿದು ಕೂತು ಹೋದರು.

ಕ್ಲಬ್ಬಿನ ವರ್ಷದ ದೊಡ್ಡ ಆಟದ ದಿನ ಬಂತು. ಆ ಬೆಳಗ್ಗೆ ಕ್ಲಬ್ಬಿನ ಹಳೆಯ ಸದಸ್ಯ, ನಿವೃತ್ತ ಪೋಸ್ಟ್‌ಮಾಸ್ಟರು, ಫೋಟೋ ತೆಗೆಯುತ್ತಾರೆಂದು ತಲೆ ಕತ್ತರಿಸಿಕೊಳ್ಳಲು ಬಂದರು.

"ತಮ್ಮ ಬರಲ್ವಂತಲ್ಲ ಅಕ್ಕ. ಏನ್ ಮಾಡೋದು, ಪಾಪ, ಕೊಲ್ಲಿ ಮುಚ್ಚಿದ್ಮೇಲೆ ಅವನಿಗೂ ಕಷ್ಟಾನೇ."

ಕತ್ತರಿ ಗಾಳಿಯಲ್ಲೇ ನಿಂತಿತು. "ಏನ್ ಮುಚ್ಚಿದ್ಮೇಲೆ?"

"ನಿಮ್ಗೆ ಗೊತ್ತಿಲ್ವಾ? ಸೆಕ್ರೆಟರಿ ಹಲಗೆ ಹಾಕಿ ಸ್ಕ್ರೂ ಹೊಡೆಸಿದ್ರಲ್ಲ. ಮೇಲೆ ಹುಲ್ಲೂ ಅಂಟಿಸಿದ್ರು. ಮೇಜು ಅಂದ್ಮೇಲೆ ಅಂಚು ನೆಟ್ಟಗಿರ್ಬೇಕು ಅಂತ…"

ಮುಂದಿನದನ್ನು ಕೇಳಲು ಅಕ್ಕ ಅಲ್ಲಿರಲಿಲ್ಲ. ಮೂಲೆಯಲ್ಲಿದ್ದ ಮೇಜಿನ ಕೆಲಸದ ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು ಬೀದಿಗೆ ಇಳಿದಾಗಿತ್ತು. ಎಡಗಡೆ ಕತ್ತರಿಸಿ ಬಲಗಡೆ ಕಾಡು ಬಿಟ್ಟ ತಲೆ ಹೊತ್ತುಕೊಂಡು, ಕತ್ತಿಗೆ ಕಟ್ಟಿದ ಬಿಳಿ ಬಟ್ಟೆಯ ಸಮೇತ ಪೋಸ್ಟ್‌ಮಾಸ್ಟರು ಹಿಂದೆ ಓಡಿದರು.

ಹಾಲ್‌ನಲ್ಲಿ ಎಲ್ಲರೂ ನೆರೆದಿದ್ದರು. ಮೇಜು ನಡುವೆ ಇತ್ತು. ಕೊಲ್ಲಿ ಇದ್ದ ಕಡೆ ಕಡುಹಸಿರು ಹುಲ್ಲಿನ ಒಂದು ತೇಪೆ. ದೋಣಿಗಟ್ಟೆಯನ್ನು ಕಿತ್ತು ಕಿಟಕಿಯ ಮೇಲಿಟ್ಟಿದ್ದರು, ಅದರಲ್ಲಿ ಯಾರೋ ಪೆನ್ನು ಸಿಕ್ಕಿಸಿದ್ದರು. ಅಕ್ಕ ಆ ಪೆನ್ನನ್ನು ಕಿತ್ತೆಸೆದಳು.

"ಯಾರ್ರೀ ಇದನ್ನ ಮುಚ್ಚಿದ್ದು?"

ಸೆಕ್ರೆಟರಿ ಕೈಯಲ್ಲಿ ಟೇಪು ಹಿಡಿದುಕೊಂಡೇ ಬಂದರು. ಇಸ್ತ್ರಿ ಮಾಡಿದ ಮಾತಿನ ಮನುಷ್ಯ. "ಅಕ್ಕ, ಕೂಗಾಡ್ಬೇಡಿ. ನಿಯಮದ ಪ್ರಕಾರ ಆರಡಿ ನಾಲ್ಕಡಿ ಪೂರ್ತಿ ಇರ್ಬೇಕು. ಮೇಲಾಗಿ ಕೆಲವು ಸದಸ್ಯರಿಗೆ ಬೇಜಾರಿತ್ತು. ಒಬ್ರು ಮೇಜಿನ ಒಳಗೇ ಕೂತು ಆಡಿದ್ರೆ ಅವರಿಗೆ ಅನುಕೂಲ ಜಾಸ್ತಿ ಅಲ್ವಾ? ಅವ್ರೇ ಗೆಲ್ತಾ ಇದ್ರು."

"ಅನುಕೂಲ!" ಅಕ್ಕ ಪೆಟ್ಟಿಗೆಯನ್ನು ನೆಲಕ್ಕೆ ಕುಕ್ಕಿದಳು. "ಅವನಿಗೆ ಅನುಕೂಲ! ಬದಲಾಯಿಸ್ಕೊಳ್ತೀರೇನ್ರೀ? ನೀವು ಆ ಕುರ್ಚಿಲಿ ಕೂತ್ಕೊಳ್ಳಿ, ಅವನು ನಿಂತು ಆಡ್ಲಿ. ಯಾವತ್ತಿಂದ ಶುರು ಮಾಡೋಣ ಹೇಳಿ!"

ಸೆಕ್ರೆಟರಿಯ ಕಿವಿ ಕೆಂಪಾಯಿತು. "ನೋಡಿ, ನಾವೇನೂ ಕದ್ದುಮುಚ್ಚಿ ಮಾಡಿಲ್ಲ. ನಿಮ್ಮ ತಮ್ಮನ್ನ ಕೇಳೇ ಮಾಡಿದ್ದು. ಅವರೇ ಹೂಂ ಅಂದಿದ್ದು."

ಆ ಮಾತು ನಾಟಿತು. ಆದರೆ ಅಕ್ಕನ ಕೈ ಆಗಲೇ ಸ್ಕ್ರೂಡ್ರೈವರ್ ಹಿಡಿದಿತ್ತು. ಮೇಜಿನ ಕೆಳಗೆ ತೂರಿ ಒಂದೊಂದೇ ಸ್ಕ್ರೂ ಬಿಚ್ಚತೊಡಗಿದಳು. ತಡೆಯಲು ಬಂದ ಇಬ್ಬರು ಅವಳ ಮುಖ ನೋಡಿ ಅಲ್ಲೇ ನಿಂತರು. ಸೆಕ್ರೆಟರಿ ಫೋನ್ ತೆಗೆದು ತಮ್ಮನಿಗೆ ಹಚ್ಚಿ, "ಬಂದು ನಿಮ್ಮಕ್ಕನ್ನ ಕರ್ಕೊಂಡು ಹೋಗಿ" ಎಂದರು. ತೇಪೆ ಕಿತ್ತು ಬರುವಾಗ ದಂಡೆಯ ಮರಳೂ ಒಂದಿಷ್ಟು ಕಿತ್ತುಕೊಂಡು ಬಂತು, ಒಂದು ಗುಡಿಸಲು ಮುರಿಯಿತು. ಅಕ್ಕ ಹಲ್ಲು ಕಚ್ಚಿಕೊಂಡು ಕಿತ್ತಳು.

ತಮ್ಮ ಬಂದದ್ದು ಗಾಳಿಯ ಹಾಗೆ. ಬಾಗಿಲಿಗೆ ಕುರ್ಚಿ ಬಡಿದ ಸದ್ದಿಗೆ ಎಲ್ಲರೂ ತಿರುಗಿದರು. ಅವನ ಮುಖ ಉರಿಯುತ್ತಿತ್ತು. ಬೈದದ್ದು ಸೆಕ್ರೆಟರಿಯನ್ನಲ್ಲ.

"ಏನೇ ಇದು ನಿನ್ನ ರಂಪ? ಯಾರು ಬಿಚ್ಚು ಅಂದಿದ್ದು?"

"ನೀನ್ಯಾಕೋ ಹೂಂ ಅಂದೆ? ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇದೇ ಆಗ್ತಿತ್ತು, ಅದಕ್ಕೇ! ಗೆದ್ದಾಗಲೆಲ್ಲ ಇವ್ರು ಕೊಲ್ಲಿ ಗೆಲ್ತು ಅಂತಿದ್ರು. ನಾನಲ್ಲ, ಕೊಲ್ಲಿ. ಬೆನ್ನಹಿಂದೆ ಗುಸುಗುಸು ಅನ್ನೋದಕ್ಕಿಂತ ಮುಚ್ಚಿ ಬಿಡಿ ಅಂದೆ. ಹೊರಗಿಂದಾನೇ ಗೆದ್ದು ತೋರಿಸ್ತೀನಿ ಅಂದ್ಕೊಂಡೆ." ಅವನು ಕುರ್ಚಿಯ ಕೈಗೆ ಗುದ್ದಿದ. "ಆಗ್ಲಿಲ್ಲ. ಕೈ ಎಟುಕ್ಲಿಲ್ಲ. ಅದು ನನ್ನ ವಿಷ್ಯ. ಇವ್ರು ಕೇಳಿಯಾದ್ರೂ ಮುಚ್ಚಿದ್ರು. ನೀನು ಕೇಳದೇನೇ ಬಿಚ್ತಾ ಇದ್ಯಲ್ಲ!"

ತಮ್ಮ ಹೇಳಿದ್ದು ಸರಿ, ಅದು ಅಕ್ಕನಿಗೂ ಗೊತ್ತಾಯಿತು, ಗೊತ್ತಾಗಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಮುರಿದ ಗುಡಿಸಲು ಕೈಯಲ್ಲಿ ಹಿಡಿದುಕೊಂಡು, ಬಹಳ ಕಷ್ಟಪಟ್ಟು ಕೇಳಿದಳು: "ಸರಿ. ಈಗ ಕೇಳ್ತೀನಿ. ಏನ್ ಮಾಡ್ಲಿ ಹೇಳು."

ತಮ್ಮ ಮೇಜನ್ನು ನೋಡಿದ. ಆ ಬದಿಯಿಂದ ಈ ಬದಿಯವರೆಗೂ ನೋಡಿದ.

"ಗರಗಸ ತಂದಿದ್ಯಾ?"

"ಪೆಟ್ಟಿಗೇಲಿದೆ."

"ಆ ಕಡೇನೂ ಕೊಯ್ಯಿ. ಇಷ್ಟೇ ಅಗಲ. ಆ ಕಡೆಯವ್ರೂ ಕುರ್ಚಿ ಹಾಕ್ಕೊಂಡು ಒಳಗೇ ಕೂತು ಆಡ್ಲಿ. ಆಮೇಲೆ ಯಾರು ಗೆಲ್ತಾರೆ ನೋಡೋಣ."

ಆ ಕಡೆ ಇದ್ದದ್ದು ಪೈರಿನ ಹೊಲ. ತಮ್ಮನಿಗೂ ಅದು ಗೊತ್ತಿತ್ತು, ಹೇಳಿದವನು ಅವಳ ಮುಖ ನೋಡಲಿಲ್ಲ. ಅಕ್ಕ ಹೊಲದ ಮೇಲೆ ಒಮ್ಮೆ ಅಂಗೈ ಆಡಿಸಿದಳು. ತಿಂಗಳುಗಟ್ಟಲೆ ಬಾಚಿದ ಹೊಲ. ಅವಳ ಕೈಯಿಂದ ಅದಕ್ಕಿಂತ ಒಳ್ಳೆಯ ಕೆಲಸ ಆಗಿರಲಿಲ್ಲ, ಮುಂದೆ ಆಗುತ್ತದೆಂಬ ನಂಬಿಕೆಯೂ ಅವಳಿಗಿರಲಿಲ್ಲ.

"ಹಾಳಾಗಿ ಹೋಗ್ಲಿ" ಎಂದು ಗರಗಸ ಇಟ್ಟಳು. ಹಲಗೆಯ ಪುಡಿಯೂ ಹಳದಿ ಕೂದಲೂ ನೆಲದ ತುಂಬ ಉದುರಿದವು. ಅವಳು ಸೆಕ್ರೆಟರಿಯನ್ನು, ಕ್ಲಬ್ಬನ್ನು, ಗರಗಸವನ್ನು, ತಮ್ಮನನ್ನು ಸಾಲಾಗಿ ಬೈಯುತ್ತಲೇ ಕೊಯ್ದಳು. ಕಣ್ಣಲ್ಲಿ ನೀರು ಬಂತು. ಪುಡಿ ಬಿತ್ತು ಎಂದಳು, ಯಾರೂ ಕೇಳದಿದ್ದರೂ.

"ನಿಂತು ಆಡೋದು ನಮ್ಮ ಪದ್ಧತಿ" ಎಂದು ಸೆಕ್ರೆಟರಿ ಶುರುಮಾಡಿದರು.

"ರೀ, ಕೂತ್ಕೊಳ್ರೀ" ಎಂದರು ಪೋಸ್ಟ್‌ಮಾಸ್ಟರು. ಅರ್ಧ ತಲೆಯ ಆ ಮನುಷ್ಯ ಅಷ್ಟು ಜೋರಾಗಿ ಮಾತಾಡಿದ್ದನ್ನು ಕೇಳಿ ಸೆಕ್ರೆಟರಿ ತಮ್ಮನ ಎದುರಾಳಿಯಾಗಿ ಹೊಸ ಕೊಲ್ಲಿಯೊಳಗೆ ಕೂತೇಬಿಟ್ಟರು. ಆಟದ ನಡುವೆ ಅಭ್ಯಾಸಬಲದಿಂದ ಎದ್ದಾಗಲೆಲ್ಲ ಹಿಂದಿನಿಂದ ಯಾರಾದರೂ ಭುಜ ಒತ್ತಿ ಕೂರಿಸುತ್ತಿದ್ದರು. ತಮ್ಮ ತನ್ನ ಕುದುರೆಗಳನ್ನು ತಾನೇ ಸರಿಸಿದ, ತಾನೇ ಅಳೆದ, ದಾಳವನ್ನು ತಾನೇ ಉರುಳಿಸಿದ. ಅಕ್ಕ ಗೋಡೆಗೆ ಒರಗಿ, ಉಗುರು ಕಚ್ಚುತ್ತ ಸಂಜೆಯವರೆಗೂ ನೋಡಿದಳು.

ತಮ್ಮ ಸೋತ. ಮೋಸವಿಲ್ಲ, ಗೊಂದಲವಿಲ್ಲ, ನೇರ ಸೋಲು. ಅವನ ಫಿರಂಗಿಗಳೆಲ್ಲ ಎಡಗಡೆಯ ಗುಡ್ಡದ ಹಿಂದೆ ಸಿಕ್ಕಿಹಾಕಿಕೊಂಡು ಒಂದು ಗುಂಡನ್ನೂ ಹಾರಿಸಲಾಗಲಿಲ್ಲ.

ಮನೆಯ ದಾರಿಯುದ್ದಕ್ಕೂ ಅವನು ಬಾಯಿ ಮುಚ್ಚಲಿಲ್ಲ. ದಾಳವನ್ನು ಬೈದ, ಸೆಕ್ರೆಟರಿಯ ಅದೃಷ್ಟವನ್ನು ಬೈದ. "ಆ ಗುಡ್ಡ! ಆ ದರಿದ್ರ ಗುಡ್ಡನ ಅಲ್ಲಿ ತಂದು ವಕ್ಕರಿಸಿದವ್ರು ಯಾರು?"

"ನಾನೇ. ಏನಿವಾಗ?"

"ತಲೇಲಿ ಏನಿದೆಯೇ ನಿಂಗೆ? ನಾಳೆ ಅದನ್ನ ಕಿತ್ತು ಹಾಕು."

"ಕೀಳಲ್ಲ. ಹೊಲ ಕೊಯ್ಸಿದ್ದು ಸಾಲ್ದಾ? ಗುಡ್ಡ ಅಲ್ಲೇ ಇರುತ್ತೆ. ನೀನು ಆಡೋದು ಕಲಿ."

"ಮುಂದಿನ ವಾರ ಆ ಸೆಕ್ರೆಟರಿನ ಅದೇ ಗುಡ್ಡಕ್ಕೆ ಹತ್ತಿಸಿ ಹೊಡೀತೀನಿ, ನೋಡ್ತಿರು!"

ಮನೆಗೆ ಬಂದು ಅಕ್ಕ ಒಲೆ ಹಚ್ಚಿದಳು. ತಮ್ಮ ಬ್ರಷ್ಷಿನ ಡಬ್ಬಿ ಬಿಚ್ಚಿ ಮಡಿಲಲ್ಲಿ ಸುರಿದುಕೊಂಡು ಇನ್ನೂ ಗುಡ್ಡಕ್ಕೆ ಶಾಪ ಹಾಕುತ್ತಲೇ ಇದ್ದ. ಅವಳು ಲೋಟ ತಂದು ಅವನ ಮುಂದೆ ಕುಕ್ಕಿ, ಹೋಗದೆ ಅಲ್ಲೇ ನಿಂತಳು.

ಅವನು ಒಂದು ಗುಟುಕು ಕುಡಿದು ಮುಖ ಕಿವುಚಿದ. "ಥೂ! ಇದೇನು ಟೀನಾ, ಬ್ರಷ್ ತೊಳೆದ ನೀರಾ?"

"ಬೇಡ್ದಿದ್ರೆ ಚೆಲ್ಲು" ಎಂದು ಗದರಿಸಿ ಅಕ್ಕ ಒಳಗೆ ಹೋದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಹಸಿವಾಗಿತ್ತು.